ಪಿಂಟಾ, ಸ್ಯಾಂಪ್ಲರಾ, ಪಿಚರಾ? ಟೇಸ್ಟಿಂಗ್ ರೂಮಿಗೆ ಹೋಗುವ ಮುಂಚೆ ಈ ಲೆಕ್ಕ ನೋಡಿ

ನಮ್ಮ ಮನೆಯಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ ಒಂದು ಹೊಸ ಟೇಸ್ಟಿಂಗ್ ರೂಮ್, ಅಂದರೆ ಬಿಯರ್ ಮಾಡುವ ಜಾಗದಲ್ಲೇ ಕೂತು ಅದನ್ನು ಕುಡಿಯುವ ಕೋಣೆ, ಶುರುವಾಗಿದೆ. ಗಾಜಿನ ಗೋಡೆಯ ಆಚೆ ಸ್ಟೀಲ್ ಟ್ಯಾಂಕುಗಳು, ಈಚೆ ನಾಲ್ಕೈದು ಉದ್ದ ಮೇಜುಗಳು. ಡಿಜೆ ಇಲ್ಲ, ಕಿವಿಗಡಚಿಕ್ಕುವ ಹಾಡಿಲ್ಲ. ಗೋಡೆ ಮೇಲೆ ಒಂದು ಕಪ್ಪು ಹಲಗೆ, ಅದರ ಮೇಲೆ ಚಾಕ್‌ಪೀಸಿನಲ್ಲಿ ಬರೆದ ಬಿಯರ್ ಹೆಸರುಗಳು, ಎದುರಿಗೆ ದರ. ಕಳೆದ ತಿಂಗಳು ದಾವಣಗೆರೆಯಿಂದ ನಮ್ಮ ಭಾವ ಬಂದಿದ್ದರು. ಅವರನ್ನು ಅಲ್ಲಿಗೆ ಕರೆದುಕೊಂಡು ಹೋದೆ. ಕೂತ ತಕ್ಷಣ ಅವರು "ಒಂದು ಪಿಂಟ್ ಹೇಳೋ" ಅಂದರು. ಹೇಳಿದೆ. ಆಮೇಲೆ ಇನ್ನೊಂದು, ಮತ್ತೊಂದು. ಬಿಲ್ ಬಂದಾಗ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. "ಮೂರು ಪಿಂಟಿಗೆ ಇಷ್ಟೊಂದಾ? ನಮ್ಮೂರಲ್ಲಿ ಇದೇ ದುಡ್ಡಿಗೆ ನಾಲ್ಕು ಜನ ಕುಡಿಯಬಹುದಲ್ಲೋ!"

ಅವರು ಹೇಳಿದ್ದು ತಪ್ಪಲ್ಲ. ಆದರೆ ಟೇಸ್ಟಿಂಗ್ ರೂಮಿನವರು ಮೋಸ ಮಾಡಿದ್ದೂ ಅಲ್ಲ. ಇಬ್ಬರೂ ಒಂದೇ ಪದ ಬಳಸಿ ಬೇರೆ ಬೇರೆ ಅಳತೆ ಹೇಳುತ್ತಿದ್ದರು, ಅಷ್ಟೇ.

ನಮ್ಮ ವೈನ್ ಶಾಪುಗಳಲ್ಲಿ ಪಿಂಟ್ ಅಂದರೆ 330 ಮಿ.ಲೀ. ಚಿಕ್ಕ ಬಾಟಲಿ. ದೊಡ್ಡದು 650 ಮಿ.ಲೀ. ಇದು ಕರ್ನಾಟಕದ ಯಾವ ಊರಿಗೆ ಹೋದರೂ ಎಲ್ಲರಿಗೂ ಗೊತ್ತಿರುವ ಮಾತು. ಆದರೆ ಬ್ರಿಟನ್ನಿನಲ್ಲಿ ಪಿಂಟ್ ಅಂದರೆ 568 ಮಿ.ಲೀ., ಅಮೆರಿಕದಲ್ಲಿ 473 ಮಿ.ಲೀ. ಬೆಂಗಳೂರಿನ ಕ್ರಾಫ್ಟ್ ಬಿಯರ್ (ಸಣ್ಣ ಪ್ರಮಾಣದಲ್ಲಿ ಮಾಡುವ ಬಿಯರ್) ಜಾಗಗಳಲ್ಲಿ ಒಬ್ಬೊಬ್ಬರದು ಒಂದೊಂದು ಅಳತೆ. ಕೆಲವರು 330ಕ್ಕೇ ಪಿಂಟ್ ಅನ್ನುತ್ತಾರೆ, ಕೆಲವರು 500ಕ್ಕೆ. ನಾವು ಹೋದ ಜಾಗದಲ್ಲಿ ಪಿಂಟ್ ಅಂದರೆ 500. ಭಾವ ಮೂರು ಪಿಂಟಿಗೆ ಒಂದು ಲೀಟರ್ ಕುಡಿದೆ ಅಂದುಕೊಂಡಿದ್ದರು. ನಿಜಕ್ಕೂ ಒಂದೂವರೆ ಲೀಟರ್ ಹೊಟ್ಟೆಗೆ ಹೋಗಿತ್ತು. ದುಡ್ಡು ಒಂದು ಕಡೆ ಇರಲಿ, ಅಂದಾಜಿಗಿಂತ ಅರ್ಧದಷ್ಟು ಜಾಸ್ತಿ ಆಲ್ಕೋಹಾಲ್ ಒಳಗೆ ಹೋಗಿದೆ ಅಂತ ಅವರಿಗೆ ಗೊತ್ತೇ ಇರಲಿಲ್ಲ. ಇದು ನನಗೆ ಬಿಲ್ಲಿಗಿಂತ ದೊಡ್ಡ ವಿಷಯ ಅನ್ನಿಸಿತು. ಅದಕ್ಕೇ ಇದನ್ನೆಲ್ಲ ಬರೆಯಲು ಕೂತೆ.

ಆದ್ದರಿಂದ ಮೊದಲ ಕೆಲಸ: ಆರ್ಡರ್ ಕೊಡುವ ಮುಂಚೆ "ಇದು ಎಷ್ಟು ಎಂಎಲ್?" ಅಂತ ಕೇಳಿ. ಕೇಳಲು ಸಂಕೋಚ ಬೇಡ. ದಿನಸಿ ಅಂಗಡಿಯಲ್ಲಿ ಬೇಳೆ ಎಷ್ಟು ಗ್ರಾಂ ಅಂತ ಕೇಳುವುದಿಲ್ಲವಾ, ಹಾಗೇ ಇದು.

100 ಮಿ.ಲೀ.ಗೆ ಎಷ್ಟು?

ಗ್ಲಾಸಿನ ದರ ನೋಡಿ ಹೋಲಿಸಲು ಆಗಲ್ಲ. ಎಲ್ಲವನ್ನೂ 100 ಮಿ.ಲೀ.ಗೆ ಇಳಿಸಬೇಕು. ಆ ಹಲಗೆ ಮೇಲಿದ್ದ ದರಗಳನ್ನು ಲೆಕ್ಕಕ್ಕೆ ಸುಲಭವಾಗಲಿ ಅಂತ ಸ್ವಲ್ಪ ಸಮ ಮಾಡಿ ಹೇಳುತ್ತೇನೆ, ನೀವು ಹೋಗುವ ಜಾಗದ ಅಂಕಿಗಳನ್ನು ಹಾಕಿಕೊಂಡು ನೀವೇ ಮಾಡಿ ನೋಡಿ. ಲಾಗರ್ (ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ತಿಳಿ ಬಿಯರ್) ಮತ್ತು ವೀಟ್ ಬಿಯರ್ (ಗೋಧಿ ಸೇರಿಸಿ ಮಾಡಿದ್ದು) 330 ಮಿ.ಲೀ. ಗ್ಲಾಸಿಗೆ 300 ರೂ., 500ರ ಮಗ್ಗಿಗೆ 420 ರೂ., ಒಂದೂವರೆ ಲೀಟರಿನ ಪಿಚರಿಗೆ (ಹಂಚಿಕೊಳ್ಳುವ ಜಗ್ಗಿಗೆ) 1200 ರೂ. ಐಪಿಎ (ಇಂಡಿಯಾ ಪೇಲ್ ಏಲ್, ಕಹಿ ಜಾಸ್ತಿ ಇರುವುದು), ಸ್ಟೌಟ್ (ಕಪ್ಪು ಬಿಯರ್), ಬೆಲ್ಜಿಯನ್ ಶೈಲಿಯ ಸ್ಟ್ರಾಂಗ್ ಬಿಯರ್ ಇವೆಲ್ಲ 330ರ ಗ್ಲಾಸಿನಲ್ಲಿ ಮಾತ್ರ, 390 ರೂ. ಇನ್ನು ಸ್ಯಾಂಪ್ಲರ್ ಅಂದರೆ ಮರದ ಹಲಗೆಯಲ್ಲಿ ಆರು ಪುಟ್ಟ ಗ್ಲಾಸು, ಒಂದೊಂದು 90 ಮಿ.ಲೀ., ಒಟ್ಟು 480 ರೂ.

ಈಗ ಭಾಗಿಸಿ. 330ರ ಗ್ಲಾಸು 100 ಮಿ.ಲೀ.ಗೆ ಸುಮಾರು 91 ರೂ. ಬೀಳುತ್ತದೆ. 500ರ ಮಗ್ 84 ರೂ. ಪಿಚರ್ 80 ರೂ. ಐಪಿಎ 118 ರೂ. ಸ್ಯಾಂಪ್ಲರ್ 89 ರೂ.

ಮೇಲ್ನೋಟಕ್ಕೆ ಪಿಚರ್ ಅಗ್ಗ. ಆದರೆ ನನ್ನ ಮಾತು ಕೇಳಿ, ಪಿಚರ್ ತಗೋಬೇಡಿ. ಮೂರು ಮಗ್ ಬೇರೆ ಬೇರೆಯಾಗಿ ತಗೊಂಡರೆ 1260 ರೂ., ಪಿಚರಿಗೆ 1200 ರೂ. ಉಳಿಯುವುದು 60 ರೂ. ಮಾತ್ರ. ಮಗ್ಗಿನ ಮೇಲೆ 500ಕ್ಕೆ ಗೆರೆ ಇರುತ್ತದೆ, ಬಿಯರ್ ಗೆರೆ ತನಕ ಇರಬೇಕು, ನೊರೆ ಅದರ ಮೇಲೆ ನಿಲ್ಲಬೇಕು. ಪಿಚರಿಗೆ ಎಷ್ಟೋ ಕಡೆ ಗೆರೆಯೇ ಇರಲ್ಲ. ಮೇಲೆ ಎರಡು ಇಂಚು ನೊರೆ ನಿಂತು, ಕೆಳಗೆ 1300 ಮಿ.ಲೀ. ಬಿಯರ್ ಇದ್ದರೆ ನಿಮ್ಮ ದರ 80 ಅಲ್ಲ, 92 ಆಯಿತು. ಮಗ್ಗಿಗಿಂತ ದುಬಾರಿ. ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಮೇಜಿನ ಮೇಲೆ ಅರ್ಧ ಗಂಟೆ ಕೂತ ಪಿಚರಿನ ಕೊನೆ ಗ್ಲಾಸು ಬೆಚ್ಚಗಾಗಿರುತ್ತದೆ, ಗ್ಯಾಸ್ ಹೋಗಿರುತ್ತದೆ. ಬಿಯರ್ ಮಾಡಿದವರು ಎರಡು ವಾರ, ನಾಲ್ಕು ವಾರ ತಾಪಮಾನ ಕಾದು, ರುಚಿ ನೋಡಿ ನೋಡಿ ಮಾಡಿದ್ದನ್ನು ನಾವು ಮೇಜಿನ ಮೇಲಿಟ್ಟು ಕೆಡಿಸಿ ಕುಡಿಯುವುದು ಯಾಕೆ? ನಾಲ್ಕು ಜನ ಒಟ್ಟಿಗೆ ಕೂತು ಹತ್ತು ನಿಮಿಷದಲ್ಲಿ ಹಂಚಿಕೊಂಡು ಮುಗಿಸುತ್ತೀರಿ ಅಂದರೆ ಸರಿ, ಆಗ ಪಿಚರ್ ಪರವಾಗಿಲ್ಲ. ಇಬ್ಬರಿಗಂತೂ ಬೇಡವೇ ಬೇಡ.

ಸ್ಯಾಂಪ್ಲರಿನ ಲೆಕ್ಕ ಇನ್ನೂ ಚೆನ್ನಾಗಿದೆ. 89 ರೂ. ಅನ್ನುವುದು ಎಲ್ಲ ಬಿಯರಿಗೂ ಒಂದೇ. ಲಾಗರ್ ತಗೊಂಡರೂ ಅಷ್ಟೇ, ಐಪಿಎ ತಗೊಂಡರೂ ಅಷ್ಟೇ. ಆರರಲ್ಲಿ ಮೂರು ಅಗ್ಗದವು, ಮೂರು ದುಬಾರಿಯವು ಅಂತಿಟ್ಟುಕೊಳ್ಳಿ. ಅದನ್ನೇ ದೊಡ್ಡ ಗ್ಲಾಸಿನ ದರದಲ್ಲಿ ಕುಡಿದಿದ್ದರೆ ಸುಮಾರು 565 ರೂ. ಆಗುತ್ತಿತ್ತು. ಸ್ಯಾಂಪ್ಲರಿನಲ್ಲಿ 480. ಕೆಲವು ಕಡೆ ಆರು ಯಾವುದು ಅಂತ ನಾವೇ ಆರಿಸಬಹುದು, ಎರಡು ಗ್ಲಾಸು ಒಂದೇ ಬಿಯರ್ ಹಾಕಿಸಿಕೊಳ್ಳಬಹುದು. ಹಾಗಿದ್ದರೆ ಲಾಗರನ್ನು ಬಿಟ್ಟು ಐಪಿಎ, ಸ್ಟೌಟ್ ಕಡೆಗೆ ಹೋಗಿ.

ಒಂದು ತೊಂದರೆ ಇದೆ. ಸ್ಯಾಂಪ್ಲರ್ ಬಂದ ಕೂಡಲೇ ಎಲ್ಲರೂ ಅದರ ಫೋಟೋ ತೆಗೆದು, ಎಡಗಡೆಯಿಂದ ಒಂದೊಂದು ಗುಟುಕು ಹೀರಿ, ಮಾತಿಗೆ ಬೀಳುತ್ತಾರೆ. 90 ಮಿ.ಲೀ. ಬಿಯರ್ ಬೇಗ ಬಿಸಿಯಾಗುತ್ತದೆ. ಅದಕ್ಕೇ ಕುಡಿಯಲು ಒಂದು ಕ್ರಮ ಇರಲಿ: ತಿಳಿ ಬಣ್ಣದ್ದು ಮೊದಲು, ಕಹಿ ಜಾಸ್ತಿ ಇರುವುದು ಆಮೇಲೆ, ಕಪ್ಪಗಿರುವುದು ಕೊನೆಗೆ. ಐಪಿಎ ಕುಡಿದ ಮೇಲೆ ವೀಟ್ ಬಿಯರ್ ಕುಡಿದರೆ ನೀರು ಕುಡಿದ ಹಾಗಿರುತ್ತದೆ, ನಾಲಿಗೆಗೆ ಏನೂ ಸಿಗಲ್ಲ. ಸ್ಟೌಟ್ ಸ್ವಲ್ಪ ಬೆಚ್ಚಗಾದರೆ ಒಳ್ಳೆಯದೇ, ಅದರ ಕಾಫಿ, ಚಾಕಲೇಟ್ ಘಮ ಆಗಲೇ ಮೇಲೆ ಬರುವುದು.

ದುಡ್ಡಿಗೆ ತಕ್ಕ ಬಿಯರ್ ಯಾವುದು?

ಇಲ್ಲೇ ನಾನು ಜಾಸ್ತಿ ಹೊತ್ತು ನಿಲ್ಲುವುದು, ಯಾಕೆಂದರೆ ಹೆಚ್ಚಿನವರು ಇಲ್ಲೇ ತಪ್ಪು ಮಾಡುವುದು. ಟೇಸ್ಟಿಂಗ್ ರೂಮಿಗೆ ಹೋಗಿ ಅಗ್ಗ ಅಂತ ಲಾಗರ್ ಕುಡಿಯುತ್ತಾರೆ. ಲಾಗರ್ ಕೆಟ್ಟದ್ದು ಅಂತ ಅಲ್ಲ. ಅದರ ಹತ್ತಿರದ ರುಚಿ ಹೊರಗೆ ಮೂರನೇ ಒಂದು ಭಾಗದ ದುಡ್ಡಿಗೆ ಸಿಗುತ್ತದೆ. ವೈನ್ ಶಾಪಿನಲ್ಲಿ 650 ಮಿ.ಲೀ. ಬಾಟಲಿಗೆ 200 ರೂ. ಅಂತಿಟ್ಟುಕೊಂಡರೆ 100 ಮಿ.ಲೀ.ಗೆ 31 ರೂ. ಆಯಿತು. ಅಲ್ಲಿ 31, ಇಲ್ಲಿ 91. ಆ 60 ರೂ. ವ್ಯತ್ಯಾಸಕ್ಕೆ ನಮಗೆ ಸಿಗುವುದೇನು ಅಂತ ಕೇಳಿಕೊಳ್ಳಬೇಕು, ಅಲ್ವಾ?

ಸಿಗುವುದು ತಾಜಾತನ. ಆದರೆ ಎಲ್ಲ ಬಿಯರಿಗೂ ತಾಜಾತನ ಒಂದೇ ಥರ ಮುಖ್ಯ ಅಲ್ಲ.

ಬಾಟಲಿ ಲಾಗರನ್ನು ಪಾಶ್ಚರೀಕರಿಸಿ ತುಂಬುತ್ತಾರೆ. ಅಂದರೆ ಹಾಲನ್ನು ಕಾಯಿಸಿದ ಹಾಗೆ, ಬಿಸಿ ಮಾಡಿ ಒಳಗಿನ ಜೀವಾಣು ಕೊಲ್ಲುತ್ತಾರೆ. ತಿಂಗಳುಗಟ್ಟಲೆ ಇಟ್ಟರೂ ತಡೆದುಕೊಳ್ಳುತ್ತದೆ. ರುಚಿಯೂ ಸರಳ, ಕಳೆದುಕೊಳ್ಳಲು ಹೆಚ್ಚೇನೂ ಇಲ್ಲ. ವೀಟ್ ಬಿಯರ್ ಹಾಗಲ್ಲ. ಜರ್ಮನಿಯ ಹೆಫೆವೈಜನ್ ಶೈಲಿಯದ್ದನ್ನೇ ತಗೊಳ್ಳಿ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಗೋಧಿ ಮಾಲ್ಟ್, ಅಂದರೆ ಮೊಳಕೆ ಬರಿಸಿ ಒಣಗಿಸಿದ ಗೋಧಿ. ಮೂಗಿನ ಹತ್ತಿರ ತಂದರೆ ಬಾಳೆಹಣ್ಣಿನ ಘಮ, ಅದರ ಹಿಂದೆ ಲವಂಗದ ಘಮ. ಎಷ್ಟೋ ಜನ ಬಾಳೆಹಣ್ಣು ಹಾಕಿದ್ದಾರೆ ಅಂದುಕೊಳ್ಳುತ್ತಾರೆ. ಹಾಕಿಲ್ಲ. ಹುದುಗುವಾಗ ಈಸ್ಟ್ ತಾನೇ ಹುಟ್ಟಿಸುವ ಘಮ ಅದು. ಅಷ್ಟೇ ಬೇಗ ಹೋಗಿಬಿಡುತ್ತದೆ ಕೂಡ. ಟ್ಯಾಂಕಿನಿಂದ ಹೊಸದಾಗಿ ಬಂದ ವೀಟ್ ಬಿಯರಿಗೂ, ಎಲ್ಲೋ ಗೋದಾಮಿನಲ್ಲಿ ತಿಂಗಳುಗಟ್ಟಲೆ ಕೂತು ಬಂದ ಬಾಟಲಿಗೂ ಇರುವ ವ್ಯತ್ಯಾಸ ಬೆಳಗಿನ ಬಿಸಿ ಇಡ್ಲಿಗೂ ಸಂಜೆಯ ತಣ್ಣನೆ ಇಡ್ಲಿಗೂ ಇರುವಷ್ಟು. ನಾನು ಟೇಸ್ಟಿಂಗ್ ರೂಮಿನಲ್ಲಿ ಕಣ್ಣು ಮುಚ್ಚಿ ದುಡ್ಡು ಕೊಡುವುದಿದ್ದರೆ ವೀಟ್ ಬಿಯರಿಗೆ.

ಬೆಲ್ಜಿಯಂ ಶೈಲಿಯ ವಿಟ್ ಬಿಯರಿನಲ್ಲೂ ಗೋಧಿ ಇದೆ. ಆದರೆ ಅಲ್ಲಿ ಕಿತ್ತಳೆ ಸಿಪ್ಪೆ, ಕೊತ್ತಂಬರಿ ಬೀಜ ನಿಜವಾಗಿಯೂ ಹಾಕುತ್ತಾರೆ. ಹೌದು, ನಮ್ಮ ಸಾರಿನ ಪುಡಿಗೆ ಹುರಿಯುವ ಅದೇ ಕೊತ್ತಂಬರಿ ಬೀಜ. ಕಹಿ ಕಡಿಮೆ, ಮೊದಲ ಸಲ ಕ್ರಾಫ್ಟ್ ಬಿಯರ್ ಕುಡಿಯುವವರಿಗೆ ಇದಕ್ಕಿಂತ ಒಳ್ಳೆ ಶುರು ಇಲ್ಲ. ಭಾವನಿಗೆ ಇದನ್ನೇ ಮೊದಲು ಹೇಳಬೇಕಿತ್ತು.

ಎರಡನೆಯದು ಐಪಿಎ. ದುಬಾರಿ ಯಾಕೆ ಅಂದರೆ ಹಾಪ್ಸ್. ಬಿಯರಿಗೆ ಕಹಿಯನ್ನೂ ಘಮವನ್ನೂ ಕೊಡುವ ಹೂವು ಅದು. ಇಲ್ಲಿನವರು ಬಹುಪಾಲು ಜರ್ಮನಿ, ಅಮೆರಿಕದಿಂದ ತರಿಸುತ್ತಾರೆ. ಐಪಿಎಗೆ ಕುದಿಸುವಾಗ ಒಂದಷ್ಟು ಹಾಕಿ, ಹುದುಗಿದ ಮೇಲೆ ಮತ್ತೆ ಒಂದಷ್ಟು ಹಾಕುತ್ತಾರೆ. ಆ ಎರಡನೇ ಸಲದ ಘಮ, ಮಾವು, ಚಕ್ಕೋತ, ಕಿತ್ತಳೆ ನೆನಪಿಸುವಂಥದ್ದು, ಗಾಳಿ ತಾಗಿದರೆ, ಬಿಸಿ ತಾಗಿದರೆ ಮೊದಲು ಮಾಯವಾಗುತ್ತದೆ. ಆದ್ದರಿಂದ 118 ರೂ. ಅನ್ನುವುದು ಜಾಸ್ತಿ ಕಂಡರೂ ಇದನ್ನು ಅಲ್ಲೇ ಕುಡಿಯುವುದಕ್ಕೆ ಅರ್ಥ ಇದೆ. ಕಹಿ ಇಷ್ಟ ಇಲ್ಲದವರು ಸುಮ್ನೆ ಹೆಸರು ಕೇಳಿ ಆರ್ಡರ್ ಮಾಡಬೇಡಿ. ಒಂದು ಗುಟುಕು ರುಚಿ ನೋಡಲು ಕೊಡಿ ಅಂತ ಕೇಳಿ. ಸಾಮಾನ್ಯವಾಗಿ ಕೊಡುತ್ತಾರೆ.

ಸ್ಟೌಟ್ ಮತ್ತು ಬೆಲ್ಜಿಯನ್ ಸ್ಟ್ರಾಂಗ್ ಬಗ್ಗೆ ನನ್ನ ಅಭಿಪ್ರಾಯ ಬೇರೆ. ಇವು ಗಟ್ಟಿ ಆಸಾಮಿಗಳು, ಬಾಟಲಿಯಲ್ಲೂ ಚೆನ್ನಾಗಿ ಬಾಳುತ್ತವೆ. ಸ್ಟೌಟಿನ ಕಪ್ಪು ಬಣ್ಣ, ಕಾಫಿ ರುಚಿ ಬರುವುದು ಬಾರ್ಲಿಯನ್ನು ಕಾಫಿ ಬೀಜದ ಹಾಗೆ ಕಪ್ಪಗೆ ಹುರಿಯುವುದರಿಂದ. ಚಿಕ್ಕಮಗಳೂರಿನದ್ದೋ ಕೊಡಗಿನದ್ದೋ ನಿಜವಾದ ಕಾಫಿ ಹಾಕಿ ಮಾಡಿದ್ದಾರೆ ಅಂದರೆ ಅಥವಾ ನೈಟ್ರೋಜನ್ ಗ್ಯಾಸಿನಲ್ಲಿ ಸುರಿಯುತ್ತಾರೆ ಅಂದರೆ ಒಂದು ಗ್ಲಾಸು ಕುಡಿಯಿರಿ. ಆ ಮೆತ್ತಗಿನ, ಫಿಲ್ಟರ್ ಕಾಫಿಯ ನೊರೆಯಂಥ ನೊರೆ ಮನೆಯಲ್ಲಿ ಸುಲಭಕ್ಕೆ ಬರಲ್ಲ. ಇಲ್ಲದಿದ್ದರೆ ಸ್ಯಾಂಪ್ಲರಿನ 90 ಮಿ.ಲೀ. ಸಾಕು.

ಲಾಗರ್ ಬಗ್ಗೆ ಅನ್ಯಾಯದ ಮಾತಾಡಬಾರದು, ಅದಕ್ಕೆ ಒಂದು ಮಾತು ಸೇರಿಸುತ್ತೇನೆ. ಮಾಡುವವರಿಗೆ ಕಷ್ಟ ಜಾಸ್ತಿ ಇರುವುದು ಲಾಗರಿನಲ್ಲೇ. ಬೆಂಗಳೂರಿನ ಡಿಸೆಂಬರ್ ಚಳಿಯಲ್ಲಿ ದೋಸೆ ಹಿಟ್ಟು ಎಷ್ಟು ಹೊತ್ತಾದರೂ ಉಬ್ಬಲ್ಲ ನೋಡಿ, ಹಾಗೇ ಲಾಗರ್ ಈಸ್ಟ್ 10 ಡಿಗ್ರಿ ಆಸುಪಾಸಿನ ಚಳಿಯಲ್ಲಿ ನಿಧಾನವಾಗಿ ಕೆಲಸ ಮಾಡುತ್ತದೆ. ಆಮೇಲೆ ಇನ್ನೂ ತಣ್ಣಗೆ ವಾರಗಟ್ಟಲೆ ಮಲಗಿಸಬೇಕು. ವೀಟ್ ಬಿಯರ್ 20 ಡಿಗ್ರಿ ಹತ್ತಿರ ಹುದುಗಿ, ಎರಡು ವಾರ ಚಿಲ್ಲರೆಯಲ್ಲಿ ಸಿದ್ಧ. ಅದೇ ಟ್ಯಾಂಕನ್ನು ಲಾಗರ್ ಒಂದು ತಿಂಗಳು, ಒಂದೂವರೆ ತಿಂಗಳು ಹಿಡಿದು ಕೂರುತ್ತದೆ. ಆದರೂ ಹಲಗೆ ಮೇಲೆ ಎರಡಕ್ಕೂ 300 ರೂ. ಮಾಡುವವರ ಖರ್ಚು ನೋಡಿದರೆ ಕುಡಿಯುವವರಿಗೆ ಲಾಗರೇ ಲಾಭ. ಅಂಗಡಿಯ ಲಾಗರುಗಳಲ್ಲಿ ಎಷ್ಟೋ ಸಲ ಬಾರ್ಲಿ ಜೊತೆ ಅಕ್ಕಿಯೋ ಮೆಕ್ಕೆಜೋಳವೋ ಸೇರಿರುತ್ತದೆ, ಇಲ್ಲಿ ಬರೀ ಮಾಲ್ಟಿನಲ್ಲಿ ಮಾಡಿದ್ದೂ ಸಿಗುತ್ತದೆ. (ಅಕ್ಕಿ ಅಂದ ಕೂಡಲೇ ಕೀಳು ಅಂತಲೂ ಅಲ್ಲ. ಇಂದಿರಾನಗರದ ಟಾಯ್ಟ್‌ನವರ ಬಾಸ್ಮತಿ ಬ್ಲಾಂಡ್ ಅಕ್ಕಿ ಹಾಕಿಯೇ ಮಾಡುವ ಬಿಯರ್, ಅದಕ್ಕೆ ಅದರದ್ದೇ ಅಭಿಮಾನಿಗಳಿದ್ದಾರೆ.) ಲಾಗರ್ ಪ್ರೀತಿ ಇರುವವರು ಹಲಗೆ ಮೇಲೆ ಪಿಲ್ಸ್ನರ್ ಅಂತ ಕಂಡರೆ ತಗೊಳ್ಳಿ. 1842ರಲ್ಲಿ ಈಗಿನ ಚೆಕ್ ದೇಶದ ಪಿಲ್ಸೆನ್ ಊರಿನಲ್ಲಿ ಹುಟ್ಟಿದ ಶೈಲಿ ಅದು. ಚೆನ್ನಾಗಿ ಮಾಡಿದ್ದರೆ ಅಂಗಡಿ ಬಾಟಲಿ ಅದರ ಹತ್ತಿರಕ್ಕೂ ಬರಲ್ಲ. ಬರೀ "ಹೌಸ್ ಲಾಗರ್" ಅಂತ ಇದ್ದರೆ ಬಿಡಿ.

ಮಾವಿನ ಕಾಲದಲ್ಲಿ ಬೆಂಗಳೂರಿನ ಹಲವು ಕಡೆ ಮಾವಿನಹಣ್ಣಿನ ಬಿಯರ್ ಬರುತ್ತದೆ. ಇದಕ್ಕೆ ಗಡುವು ಇದೆ, ಆ ಬ್ಯಾಚ್ ಮುಗಿದರೆ ಮುಂದಿನ ವರ್ಷವೇ. ಹಾಗಾಗಿ ದರ ನೋಡುತ್ತಾ ಕೂರಬೇಡಿ. ಚಿಕ್ಕ ಗ್ಲಾಸು ತಗೊಳ್ಳಿ, ಸಿಹಿ ಜಾಸ್ತಿ ಅನ್ನಿಸಿದರೆ ಅಲ್ಲಿಗೇ ನಿಲ್ಲಿಸಿ.

ಟೇಸ್ಟಿಂಗ್ ರೂಮಾ, ದೊಡ್ಡ ಬ್ರೂ ಪಬ್ಬಾ, ಮನೆಯಾ?

ಬೆಂಗಳೂರಿಗೆ ಈ ರುಚಿ ಹತ್ತಿ ತುಂಬಾ ವರ್ಷ ಆಗಿಲ್ಲ. ಟಾಯ್ಟ್ 2010ರಲ್ಲಿ ಶುರುವಾಯಿತು, ವಿಠಲ್ ಮಲ್ಯ ರಸ್ತೆಯ ಬಿಯರ್ ಕ್ಲಬ್ 2011ರಲ್ಲಿ. ಅದಾದ ಮೇಲೆ ಮಗ್ರತ್ ರಸ್ತೆಗೆ ಅಮೆರಿಕದ ಮಿಷಿಗನ್ನಿನ ಆನ್ ಆರ್ಬರ್ ಊರಿನ ನಂಟಿರುವ ಆರ್ಬರ್ ಬ್ರೂಯಿಂಗ್ ಕಂಪನಿ ಬಂತು. ವೈಟ್‌ಫೀಲ್ಡಿನಲ್ಲಿ ಸಂಗೀತ ಕಛೇರಿಯ ಜೊತೆ ಬಿಯರ್ ಕೊಡುವ ವಿಂಡ್‌ಮಿಲ್ಸ್ ಕ್ರಾಫ್ಟ್‌ವರ್ಕ್ಸ್ ಬಂತು. ಹಳೇ ಮದ್ರಾಸ್ ರಸ್ತೆಯಲ್ಲಿ ಗೈಸ್ಟ್ ಬಂತು. ಅದಕ್ಕೂ ಮುಂಚೆ ಚರ್ಚ್ ಸ್ಟ್ರೀಟ್, ಎಂ.ಜಿ. ರಸ್ತೆಯ ಪಬ್ಬುಗಳಲ್ಲಿ ಡ್ರಾಟ್ ಬಿಯರ್ (ನಲ್ಲಿಯಿಂದ ಗ್ಲಾಸಿಗೆ ಬಿಡುವುದು) ಇತ್ತು, ಆದರೆ ಅದು ಬೇರೆಲ್ಲೋ ಫ್ಯಾಕ್ಟರಿಯಲ್ಲಿ ಮಾಡಿ ತಂದದ್ದು. ಕೂತ ಜಾಗದಲ್ಲೇ ಮಾಡಿದ ಬಿಯರ್ ಕುಡಿಯುವುದು ನಮಗೆ ಈ ಹದಿನೈದು ವರ್ಷದ ಅಭ್ಯಾಸ.

ಹೊಸ ಟೇಸ್ಟಿಂಗ್ ರೂಮುಗಳಿಗೂ ತಾವೇ ಬಿಯರ್ ಮಾಡುವ ಎರಡು ಮೂರು ಅಂತಸ್ತಿನ ದೊಡ್ಡ ಬ್ರೂ ಪಬ್ಬಿಗೂ ಬಿಯರ್ ದರದಲ್ಲಿ ಅಂಥ ವ್ಯತ್ಯಾಸ ನನಗೆ ಕಂಡಿಲ್ಲ. ವ್ಯತ್ಯಾಸ ಇರುವುದು ಉಳಿದ ಖರ್ಚಿನಲ್ಲಿ. ದೊಡ್ಡ ಪಬ್ಬಿನಲ್ಲಿ ಮೇಜು ಹಿಡಿದರೆ ಊಟ ಹೇಳಲೇಬೇಕು ಅನ್ನಿಸುತ್ತದೆ, ಶನಿವಾರ ಕಾಯಬೇಕು, ಕೆಲವು ಕಡೆ ಒಳಗೆ ಹೋಗಲು ಕವರ್ ಚಾರ್ಜ್. ಟೇಸ್ಟಿಂಗ್ ರೂಮಿನಲ್ಲಿ ಒಂದು ಗ್ಲಾಸು, ಒಂದು ಬಟ್ಟಲು ಕಾಂಗ್ರೆಸ್ ಕಡಲೆಬೀಜ, ಒಂದು ಗಂಟೆ, ಎದ್ದು ಬರಬಹುದು. ಬಿಯರ್ ಮಾಡುವವರೇ ಎದುರಿಗೆ ಇರುತ್ತಾರೆ. "ಈ ಬ್ಯಾಚ್ ಯಾವಾಗ ತೆರೆದಿರಿ?" ಅಂತ ಕೇಳಿದರೆ ಖುಷಿಯಿಂದ ಹೇಳುತ್ತಾರೆ. ಎಂಟು ಜನರ ಗುಂಪು, ಹುಟ್ಟುಹಬ್ಬ, ಕುಣಿಯಬೇಕು ಅಂದರೆ ದೊಡ್ಡ ಪಬ್. ಬಿಯರೇ ಮುಖ್ಯ ಅಂದರೆ ಟೇಸ್ಟಿಂಗ್ ರೂಮ್. ಇದರಲ್ಲಿ ನನಗೆ ಅನುಮಾನ ಇಲ್ಲ.

ಮನೆಗೆ ತಗೊಂಡು ಹೋಗೋಣ ಅಂದರೆ, ಇಂಥ ಮೈಕ್ರೋಬ್ರೂವರಿಗಳ (ಬಿಯರ್ ಮಾಡುವ ಚಿಕ್ಕ ಜಾಗಗಳ) ಬಿಯರ್ ಹೆಚ್ಚಾಗಿ ಅಲ್ಲೇ ಕುಡಿಯಲು ಅಂತ ಇರುವುದು. 2020ರ ಲಾಕ್‌ಡೌನಿನಲ್ಲಿ ಟ್ಯಾಂಕುಗಳಲ್ಲಿ ಬಿಯರ್ ಹಾಳಾಗುತ್ತಿದೆ ಅಂತ ಸ್ವಲ್ಪ ದಿನ ಪಾರ್ಸೆಲ್ಲಿಗೆ ಸರ್ಕಾರ ಅವಕಾಶ ಕೊಟ್ಟಿತ್ತು. ಜನ ಸ್ಟೀಲ್ ಕ್ಯಾನು, ಗಾಜಿನ ಬಾಟಲಿ ಹಿಡಿದು ಸಾಲಿನಲ್ಲಿ ನಿಂತಿದ್ದರು.

ಹಾಗಾಗಿ ಮನೆಗೆ ಅಂದರೆ ವೈನ್ ಶಾಪ್, ಎಂಆರ್‌ಪಿ ಅಂಗಡಿ. ಅಲ್ಲೂ ಬಿಯರ್ ಮೊದಲಿನಷ್ಟು ಅಗ್ಗ ಇಲ್ಲ. ರಾಜ್ಯದಲ್ಲಿ ಬಿಯರಿನ ಮೇಲಿನ ಹೆಚ್ಚುವರಿ ಅಬಕಾರಿ ಸುಂಕ 2023ರ ಜುಲೈ ಬಜೆಟ್ಟಿನಲ್ಲಿ ಶೇ. 175ರಿಂದ 185ಕ್ಕೆ, ಮರುವರ್ಷ 195ಕ್ಕೆ ಏರಿತು. ಆದರೂ ಟೇಸ್ಟಿಂಗ್ ರೂಮಿಗೆ ಹೋಲಿಸಿದರೆ ಅಗ್ಗವೇ. ತಗೊಳ್ಳುವುದಿದ್ದರೆ ಮೂರು ವಿಷಯ ನೋಡಿ. ತಯಾರಾದ ತಾರೀಖು, ಅದು ಹತ್ತಿರದ್ದಾಗಿರಲಿ. ಎರಡನೆಯದು, ಕ್ಯಾನ್ ಇದ್ದರೆ ಕ್ಯಾನ್, ಇಲ್ಲದಿದ್ದರೆ ಕಂದು ಬಾಟಲಿ, ಹಸಿರು ಬಾಟಲಿ ಕೊನೆಗೆ. ಬೆಳಕು ಬಿದ್ದರೆ ಹಾಪ್ಸಿನ ಅಂಶ ಕೆಟ್ಟು ಒಂದು ಥರ ಕಮಟು ವಾಸನೆ ಬರುತ್ತದೆ, ಕಂದು ಗಾಜು ಅದನ್ನು ಬಹಳ ಮಟ್ಟಿಗೆ ತಡೆಯುತ್ತದೆ, ಹಸಿರು ಗಾಜು ಅಷ್ಟಾಗಿ ತಡೆಯಲ್ಲ. ಮೂರನೆಯದು, ಅಂಗಡಿಯ ಮುಂದಿನ ಬಿಸಿಲಿಗೆ ಜೋಡಿಸಿಟ್ಟ ಕ್ರೇಟಿನಿಂದ ಬೇಡ, ಫ್ರಿಜ್ಜಿನ ಒಳಗಿನಿಂದ ಕೊಡಿ ಅನ್ನಿ.

ಬಿಲ್ಲಿನ ಕೊನೆಯ ಸಾಲುಗಳು

ಹಲಗೆ ಮೇಲಿನ ದರ ಕೊನೆಯ ದರ ಅಲ್ಲ. ತಿಂಡಿಗೆ ಶೇ. 5 ಜಿಎಸ್‌ಟಿ ಬೀಳುತ್ತದೆ, ಬಿಯರ್ ಜಿಎಸ್‌ಟಿಯ ಹೊರಗಿದೆ. ಬಿಯರಿಗೂ ಜಿಎಸ್‌ಟಿ ಹಾಕಿದ್ದರೆ ಕೇಳಿ. ಸರ್ವಿಸ್ ಚಾರ್ಜ್ ಅಂತ ಶೇ. 10 ಸೇರಿಸಿರುತ್ತಾರೆ. ಅದು ತೆರಿಗೆ ಅಲ್ಲ. ತಾನಾಗಿಯೇ ಬಿಲ್ಲಿಗೆ ಸೇರಿಸಬಾರದು ಅಂತ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಮಾರ್ಗಸೂಚಿ ಹೊರಡಿಸಿತು. 2025ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ನಮ್ಮ ಬಿಲ್ಲಿನಲ್ಲೂ ಇತ್ತು. ತೆಗೆಯಿರಿ ಅಂದೆ, ತೆಗೆದರು. ಆ ದುಡ್ಡಿನಲ್ಲಿ ಸ್ವಲ್ಪವನ್ನು ನಮಗೆ ಬಡಿಸಿದ ಹುಡುಗನ ಕೈಗೇ ಕೊಟ್ಟೆ. ಅವನು ಒಂದೊಂದು ಬಿಯರನ್ನೂ ಭಾವನಿಗೆ ಕನ್ನಡದಲ್ಲೇ ಚೆನ್ನಾಗಿ ವಿವರಿಸಿದ್ದ.

ಒಂದಕ್ಕೊಂದು ಫ್ರೀ ಇರುವ ಹ್ಯಾಪಿ ಅವರ್ಸ್ ನಿಜಕ್ಕೂ ಲಾಭ. ನಮ್ಮ ಲೆಕ್ಕದಲ್ಲಿ 100 ಮಿ.ಲೀ.ಗೆ 45 ರೂ.ಗೆ ಇಳಿಯುತ್ತದೆ. ಆದರೆ ಎರಡು ಕುಡಿಯುವ ಮನಸ್ಸು ಇದ್ದರೆ ಮಾತ್ರ. ಎರಡನೇ ಗ್ಲಾಸನ್ನು ಮೊದಲನೆಯದು ಮುಗಿದ ಮೇಲೆ ತನ್ನಿ ಅಂತ ಮುಂಚೆಯೇ ಹೇಳಿ, ಇಲ್ಲದಿದ್ದರೆ ಎರಡೂ ಒಟ್ಟಿಗೆ ಬಂದು ಒಂದು ಬಿಸಿಯಾಗುತ್ತದೆ. ಯಾವ ಬಿಯರಿಗೆ ಆಫರ್ ಇದೆ ಅಂತಲೂ ನೋಡಿ. ಎಷ್ಟೋ ಕಡೆ ಅದು ಹೌಸ್ ಲಾಗರಿಗೆ ಮಾತ್ರ.

ಜೊತೆಗೆ ಏನು ತಿನ್ನುತ್ತೀರಿ ಅನ್ನುವುದೂ ಬಿಯರ್ ಆರಿಸುವುದರಲ್ಲಿ ಸೇರಿದೆ. ಐಪಿಎ ಜೊತೆ ಘೀ ರೋಸ್ಟ್, ಚಿಲ್ಲಿ ಚಿಕನ್ ಹೇಳಬೇಡಿ, ಕಹಿ ಸೇರಿ ಖಾರ ಇನ್ನೂ ಉರಿಯುತ್ತದೆ. ಖಾರಕ್ಕೆ ವೀಟ್ ಬಿಯರ್ ಒಳ್ಳೆಯ ಜೋಡಿ. ಕಡಲೆಬೀಜಕ್ಕೆ ಪಿಲ್ಸ್ನರ್.

ಇನ್ನು ಹಲಗೆ ಮೇಲೆ ಬಿಯರ್ ಹೆಸರಿನ ಪಕ್ಕ ಶೇಕಡಾ ಅಂತ ಒಂದು ಅಂಕಿ ಇರುತ್ತದೆ. ಅದು ಆಲ್ಕೋಹಾಲ್. ದರಕ್ಕಿಂತ ಮುಂಚೆ ಅದನ್ನು ಓದಿ. ಶೇ. 4.5ರ ವೀಟ್ ಬಿಯರ್ 330 ಮಿ.ಲೀ. ಕುಡಿದರೆ ಸುಮಾರು 15 ಮಿ.ಲೀ. ಆಲ್ಕೋಹಾಲ್. ಶೇ. 7.5ರ ಬೆಲ್ಜಿಯನ್ ಸ್ಟ್ರಾಂಗ್ ಅಷ್ಟೇ ಗ್ಲಾಸಿಗೆ ಸುಮಾರು 25 ಮಿ.ಲೀ. ಗ್ಲಾಸು ಒಂದೇ ಅಳತೆ, ಒಳಗಿರುವುದು ಒಂದೂವರೆ ಪಟ್ಟಿಗಿಂತ ಜಾಸ್ತಿ. "ನಾನು ಎರಡೇ ಕುಡಿದೆ" ಅನ್ನುವವರು ಯಾವ ಎರಡು ಅಂತ ಹೇಳಬೇಕು.

ಗಾಡಿ ತಗೊಂಡು ಹೋಗಬೇಡಿ. ಕಾನೂನಿನ ಮಿತಿ 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ. ಒಂದು ದೊಡ್ಡ ಮಗ್ ಎಷ್ಟೋ ಜನರನ್ನು ಆ ಗೆರೆ ದಾಟಿಸಿಬಿಡಬಹುದು. ಮೊದಲ ಸಲ ಸಿಕ್ಕರೆ 10,000 ರೂ.ವರೆಗೆ ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು. ನಾವು ಅವತ್ತು ನಡೆದುಕೊಂಡೇ ಬಂದೆವು. ಇಂದಿರಾನಗರ, ವೈಟ್‌ಫೀಲ್ಡ್ ಕಡೆಗೆ ಹೋಗುವವರಿಗೆ ನೇರಳೆ ಮಾರ್ಗದ ಮೆಟ್ರೋ ಇದೆ, ಕೊನೆಯ ರೈಲಿನ ಹೊತ್ತು ನೋಡಿಕೊಂಡು ಬಿಲ್ ಹೇಳಿ.

ಭಾವ ದೀಪಾವಳಿಗೆ ಮತ್ತೆ ಬರುತ್ತಾರೆ. ಈ ಸಲ ಮಂಗಳವಾರವೋ ಬುಧವಾರವೋ ಸಂಜೆ ಐದಕ್ಕೇ ಹೋಗೋಣ ಅಂತ ಮಾತಾಗಿದೆ. ಇಬ್ಬರಿಗೂ ಸೇರಿ ಒಂದು ಸ್ಯಾಂಪ್ಲರ್, ಆಮೇಲೆ ಅವರಿಗೆ ಯಾವುದು ಹಿಡಿಸುತ್ತದೋ ಅದು ಒಂದು ಚಿಕ್ಕ ಗ್ಲಾಸು, ನನಗೆ ವೀಟ್ ಬಿಯರ್. 480, 300, 300, ಕಡಲೆಬೀಜದ ಎರಡು ಬಟ್ಟಲು. ಫೋನಿನಲ್ಲಿ ಲೆಕ್ಕ ಹೇಳಿದೆ. "ಎಂಎಲ್ ಎಷ್ಟು ಅಂತ ನಾನೇ ಕೇಳ್ತೀನಿ ಬಿಡು" ಅಂದರು.